ಒಂದೇ ಪುಟದ ಅರ್ಜಿ

ನನ್ನ ಗಂಡನ ಪರವಾಗಿ ಮಾತಾಡುವವರು ಇನ್ನು ಯಾರೂ ಇಲ್ಲ ಎಂದು ನನಗೆ ತಿಳಿದದ್ದು ವಕೀಲರ ಕಚೇರಿಗೆ ಫೋನ್ ಮಾಡಿದಾಗ. "ಕೇಸ್ ಖಲಾಸ್, ಮೇಡಂ. ತೀರ್ಪು ಆಯ್ತಲ್ಲ," ಎಂದರು ಅಲ್ಲಿನ ಗುಮಾಸ್ತರು.

ನನ್ನ ಗಂಡ ದುಬೈಯ ನೈಫ್ ಪೇಟೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಸ್ಟೋರ್ ಕೀಪರ್. ನಾನು ಅಬುಧಾಬಿಯ ಒಂದು ಶಿಶುವಿಹಾರದಲ್ಲಿ ಆಯಾ. ಅಂಗಡಿಯ ಮಾಲೀಕರು ಊರಿಗೆ ಹೋದಾಗ ಅವರ ಸಹಿಯನ್ನು ಇವರೇ ಹಾಕುವುದು ಆ ಅಂಗಡಿಯ ರೂಢಿ. ಹಾಕಲು ಹೇಳಿದ್ದೂ ಮಾಲೀಕರೇ. ಒಂದು ಕಾಗದದ ವಿಷಯದಲ್ಲಿ ತಕರಾರು ಎದ್ದಾಗ ಮಾಲೀಕರು, ಇದು ನನ್ನ ಸಹಿಯಲ್ಲ ಎಂದರು. ಅದು ನಿಜವೇ. ಇವರಿಗೆ ಒಂದು ವರ್ಷ ಜೈಲಾಯಿತು. ಗಡೀಪಾರು ಇರಲಿಲ್ಲ, ಅಷ್ಟೇ ಸಮಾಧಾನ.

ಶಿಕ್ಷೆಯ ಮುಕ್ಕಾಲು ಭಾಗ ಮುಗಿಸಿ, ನಡತೆ ಒಳ್ಳೆಯದಿದ್ದರೆ ಬೇಗ ಬಿಡಬಹುದು ಎಂದು ಅವರೇ ಒಳಗಿನಿಂದ ಫೋನ್ ಮಾಡಿ ಹೇಳಿದರು. ಯಾರು ಬಿಡುತ್ತಾರೆ, ಏನು ನೋಡಿ ಬಿಡುತ್ತಾರೆ, ಅವರಿಗೂ ಗೊತ್ತಿರಲಿಲ್ಲ.

ಅಬುಧಾಬಿಯ ಹಮ್ದಾನ್ ಸ್ಟ್ರೀಟ್‌ನಲ್ಲಿ ಭಟ್ಕಳದವರ ಒಂದು ಟೈಪಿಂಗ್ ಸೆಂಟರ್ ಇದೆ. ಅರಬಿಯಲ್ಲಿ ಅರ್ಜಿ ಬರೆದುಕೊಡುತ್ತಾರೆ. ನಾನು ಕನ್ನಡದಲ್ಲಿ ನಾಲ್ಕು ಪುಟ ಬರೆದುಕೊಂಡು ಹೋಗಿದ್ದೆ. ವಯಸ್ಸಾದ ಆ ಟೈಪಿಸ್ಟ್ ಕನ್ನಡಕ ಏರಿಸಿ ಪೂರ್ತಿ ಓದಿದರು.

"ತಂಗಿ, ಇದರಲ್ಲಿ ಮಾಲೀಕನ ಕತೆಯೇ ಉಂಟು. ಅವನನ್ನು ಬಿಡಿಸ್ಬೇಕಾ, ಗಂಡನನ್ನಾ?"

"ಇವರು ತಪ್ಪು ಮಾಡ್ಲಿಲ್ಲ ಭಾಯ್. ಅದನ್ನೇ ಬರ್ದದ್ದು."

"ಅದು ಕೋರ್ಟಲ್ಲಿ ಮುಗೀತು. ತಪ್ಪೇ ಮಾಡದವನು ತಿದ್ದಿಕೊಳ್ಳೋದೇನು? ಅರ್ಜಿ ಓದೋರು ನೋಡೋದು ಒಳಗೆ ಹೋದ ಮೇಲಿನದ್ದು. ಒಳಗೆ ಏನು ಮಾಡ್ತಾರೆ ನಿಮ್ಮವರು?"

ನನಗೆ ಗೊತ್ತಿರಲಿಲ್ಲ. ಆರು ತಿಂಗಳಿಂದ ಫೋನಿನಲ್ಲಿ ಹೊರಗಿನದ್ದೇ ಹೇಳುತ್ತಿದ್ದೆ. ಅವರ ದಿನ ಹೇಗೆ ಹೋಗುತ್ತದೆ ಎಂದು ಕೇಳಲು ಹೆದರಿಕೆ.

ಆ ವಾರ ಕೇಳಿದೆ. ಅವರು ನಕ್ಕುಬಿಟ್ಟರು. "ಇಲ್ಲಿಯೂ ಸ್ಟೋರ್ ಕೀಪರೇ ಮಾರಾಯ್ತಿ. ಕಂಬಳಿ, ಹಾಸಿಗೆ ಬಟ್ಟೆ ಎಲ್ಲ ನಾನೇ ನೋಡ್ಕೊಳ್ಳೋದು. ಸಹಿ ಮಾತ್ರ ಜೈಲಿನವರೇ ಹಾಕ್ತಾರೆ!"

"ಅರ್ಜಿಯಲ್ಲಿ ತಪ್ಪಾಯ್ತು ಅಂತ ಬರೀಬೇಕಂತೆ. ನಾನು ಬರ್ಯೂದಿಲ್ಲ."

ಅವರು ನಗು ನಿಲ್ಲಿಸಿದರು. "ಬರಿ. ಬೇರೆಯವರ ಹೆಸರು ಬರ್ದದ್ದು ನಾನೇ ಅಲ್ವಾ? ನನಗೆ ಮನೆಗೆ ಬರ್ಬೇಕು."

ನಾಲ್ಕು ಪುಟ ಹೋಗಿ ಒಂದು ಪುಟವಾಯಿತು. ಕಂಬಳಿಯ ವಿಷಯ, ತಪ್ಪಿನ ಒಪ್ಪಿಗೆ, ಹೊರಗೆ ನಾನಿದ್ದೇನೆ ಎನ್ನುವುದು. ಜೈಲಿನ ಕಚೇರಿಗೆ ಕೊಟ್ಟು ಬಂದೆ. ಅದು ಯಾವ ಮೇಜಿಗೆ ಹೋಯಿತೋ, ಓದಿದವರು ಒಬ್ಬರೋ ಮೂವರೋ, ತಿಳಿಯಲಿಲ್ಲ. ಶಿಶುವಿಹಾರದಲ್ಲಿ ಮಕ್ಕಳು ಮಲಗಿದ ಮೇಲೆ ಅದನ್ನೇ ಯೋಚಿಸುತ್ತಿದ್ದೆ. ಆ ಮೇಜಿನ ಮುಂದೆ ನನಗೊಂದು ಕುರ್ಚಿ ಕೊಟ್ಟು ಕೂರಿಸಿದ್ದರೆ ಏನು ಹೇಳುತ್ತಿದ್ದೆ? ನನಗಿಂತ ವಕೀಲರು ಕೂತಿದ್ದರೇ ಒಳ್ಳೆಯದು. ನಾನು ಅಳುತ್ತಿದ್ದೆ.

ಒಂಬತ್ತು ತಿಂಗಳು ತುಂಬಿದ ಮೇಲೆ ಅವರನ್ನು ಬಿಟ್ಟರು. ಕಾಗದದಲ್ಲಿ ಕಾರಣ ಇರಲಿಲ್ಲ. ಯಾವ ಮಾತು ಕೆಲಸ ಮಾಡಿತು ಎಂದು ನಾವಿಬ್ಬರೂ ಚಹಾ ಕುಡಿಯುತ್ತಾ ಊಹಿಸುತ್ತಿದ್ದೆವು. ಅವರು "ಕಂಬಳಿ" ಎನ್ನುತ್ತಿದ್ದರು. ನಾನು "ಒಪ್ಪಿಗೆ" ಎನ್ನುತ್ತಿದ್ದೆ.

ಹನ್ನೊಂದು ವಾರ ಮನೆಯಲ್ಲಿದ್ದರು. ಒಂದು ಬೆಳಿಗ್ಗೆ ಶೂ ಹಾಕಲು ಬಗ್ಗಿದವರು ಏಳಲಿಲ್ಲ. ಹೃದಯ, ಎಂದರು ಡಾಕ್ಟರು. ಪೂರ್ತಿ ಶಿಕ್ಷೆ ಆಗಿದ್ದರೆ ಆ ದಿನ ಅವರು ಇನ್ನೂ ಒಳಗಿರುತ್ತಿದ್ದರು.

ಇತ್ತೀಚೆಗೆ ಪತ್ರಿಕೆಯಲ್ಲಿ ಕೈದಿಗಳ ಬಿಡುಗಡೆಯ ನಿಯಮ ಬದಲಿಸಬೇಕು ಎಂದು ಬಂದರೆ ಎರಡು ಸಲ ಓದುತ್ತೇನೆ. ಅರ್ಜಿ ಓದುವ ಕೋಣೆಯಲ್ಲಿ ಕೈದಿಯ ಕಡೆಯವರೊಬ್ಬರು ಇರಲಿ ಎಂದುಕೊಳ್ಳುತ್ತೇನೆ. ಹೂಂ ಆಗಲಿ, ಇಲ್ಲ ಆಗಲಿ, ಒಂದು ಸಾಲು ಕಾರಣ ಬರೆಯಲಿ. ಅದೇ ದಿನ ಅದೇ ಮೇಜಿನ ಮೇಲಿದ್ದ ಬೇರೆ ಅರ್ಜಿಗಳಿಗೆ ಇಲ್ಲ ಅಂದಿರಬಹುದು. ಆ ಮನೆಯವರಿಗೆ ನಮ್ಮ ಹಾಗೆ ಒಟ್ಟಿಗೆ ಕೂತು ಚಹಾ ಕುಡಿಯುತ್ತಾ ಊಹಿಸಲೂ ಆಗಲಿಲ್ಲವಲ್ಲ.