ಪಕ್ಕದ ಮನೆ ಮರದ ದೀಪ

ಮೊನ್ನೆ ಮೊಮ್ಮಗಳು ದಾಸವಾಳದ ಕುಂಡಕ್ಕೆ ಬಿಳಿ ಹುಳ ಬಿದ್ದಿದೆ ಎಂದು ಒಂದು ಶೀಶೆ ಹೊಂಗೆ ಎಣ್ಣೆ ತಂದಳು. ಮುಚ್ಚಳ ತೆಗೆದದ್ದೇ ತಡ, ಆ ಕಹಿ ವಾಸನೆ ಒಳಮನೆಯವರೆಗೂ ಬಂತು. ಅವಳು ಮೂಗು ಮುಚ್ಚಿಕೊಂಡಳು. ನನಗೆ ಪಕ್ಕದ ಮನೆಯಾಕೆ ಬಂದು ಎದುರಿಗೆ ನಿಂತಂತಾಯಿತು. ಆಕೆ ಸತ್ತು ಕೆಲವು ವರ್ಷಗಳಾದವು. ನನ್ನ ಹೊಟ್ಟೆಕಿಚ್ಚು ಇನ್ನೂ ಸತ್ತಿಲ್ಲ ಎಂದು ಮೊನ್ನೆ ಗೊತ್ತಾಯಿತು.

ನಾನು ಓದಿದವಳಲ್ಲ. ವಯಸ್ಸಾದ ಮೇಲೆ ಅಕ್ಷರ ಕಲಿತವಳು. ಒತ್ತು ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂದು ಈಗಲೂ ಮೊಮ್ಮಗಳನ್ನು ಕೇಳುತ್ತೇನೆ. ಆದರೆ ಇದನ್ನು ಅವಳ ಕೈಯಲ್ಲಿ ಬರೆಸಲು ಮನಸ್ಸಾಗಲಿಲ್ಲ.

ಪೀಣ್ಯದ ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡ ಹಳ್ಳಿ ನಮ್ಮದು. ನಾನು ಹೇಳುತ್ತಿರುವುದು ಎಂಬತ್ತರ ಆಸುಪಾಸಿನ ಮಾತು. ದೊಡ್ಡ ರಸ್ತೆಯಿಂದ ಕಾರ್ಖಾನೆಗಳ ಗೇಟಿಗೆ ಹೋಗುವ ದಾರಿಯೇ ನಮ್ಮ ಬೀದಿ. ಒಂದು ಪಕ್ಕಕ್ಕೆ ಮನೆಗಳು, ಮನೆಗಳ ಮುಂದೆ ಸಾಲಾಗಿ ಹುಣಸೆ ಮರಗಳು, ಒಟ್ಟು ಒಂಬತ್ತು. ಹತ್ತನೆಯದು ನಮ್ಮ ಮನೆ ಮುಂದೆ ಇತ್ತಂತೆ. ನಾನು ಸೊಸೆಯಾಗಿ ಬರುವ ಮೊದಲೇ ನಮ್ಮ ಮಾವ ಅದನ್ನು ಗಾಣ ಮಾಡುವವರಿಗೆ ಕೊಟ್ಟುಬಿಟ್ಟಿದ್ದರು. ಹಾಗಾಗಿ ಹಲ್ಲು ಬಿದ್ದ ಬಾಯಿಯಂತೆ ನಮ್ಮ ಮನೆ ಮುಂದೆ ಮಾತ್ರ ಖಾಲಿ. ಮರಗಳಲ್ಲೆಲ್ಲ ದೊಡ್ಡದು ಪಕ್ಕದ ಮನೆಯ ಮುಂದಿನದು. ಇಬ್ಬರು ಕೈ ಚಾಚಿ ತಬ್ಬಿದರೂ ಬೆರಳು ತಾಗುತ್ತಿರಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಆಕೆಯ ಜಗುಲಿಯ ಮೇಲೆ ನೆರಳು ಚಾಪೆ ಹಾಸಿದಂತೆ ಬಿದ್ದಿರುತ್ತಿತ್ತು. ನನ್ನ ಜಗುಲಿಯ ಕಲ್ಲು ದೋಸೆ ಹೆಂಚಿನಂತೆ ಕಾಯುತ್ತಿತ್ತು. ಎರಡು ಮನೆಗೂ ಇದ್ದದ್ದು ಒಂದೇ ಗೋಡೆ.

ಆಕೆ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಇಬ್ಬರೂ ಒಂದೇ ವರ್ಷ ಆ ಬೀದಿಗೆ ಸೊಸೆಯಾಗಿ ಬಂದೆವು. ನಾನು ಅಕ್ಕ ಎನ್ನುತ್ತಿದ್ದೆ. ಪಾಳಿ ಮುಗಿಸಿ ಬರುವ ಕಾರ್ಖಾನೆಯವರು ಆಕೆಯ ಮರಕ್ಕೆ ಸೈಕಲ್ಲು ಒರಗಿಸಿ, ಬುಡದಲ್ಲಿ ಕೂತು ಬೀಡಿ ಹಚ್ಚುತ್ತಿದ್ದರು. ಆಕೆ ಒಂದು ಮಡಕೆ ಮಜ್ಜಿಗೆ ತಂದಿಟ್ಟು ಮಾರಲು ಶುರು ಮಾಡಿದಳು. ಮರುವಾರ ನಾನೂ ಒಂದು ಮಡಕೆ ಇಟ್ಟೆ. ಬಿಸಿಲಿನಲ್ಲಿ ನಿಂತು ಯಾರು ಕುಡಿಯುತ್ತಾರೆ? ನನ್ನ ಗಂಡ ನೋಡಿ ನೋಡಿ, “ನಿನ್ ಮಜ್ಜಿಗೆ ಇನ್ನೊಸಿ ಒತ್ತು ಇಂಗೇ ಕಾದ್ರೆ ಒಲೆ ಅಚ್ಚೋದೇ ಬ್ಯಾಡ, ಪಳಿದ್ಯ ಆಯ್ತದೆ” ಅಂದ. ಅವನು ನಕ್ಕ. ಗೋಡೆಯಾಚೆ ಆಕೆಯೂ ನಕ್ಕದ್ದು ಕೇಳಿಸಿತು. ನಾನು ಮಡಕೆ ಒಳಗೆ ತಂದೆ.

ಆಮೇಲೆ ಲಾರಿಗಳು ಹೆಚ್ಚಾದವು. ಸರ್ಕಲ್ಲಿನಲ್ಲಿ ಅಂಗಡಿಗಳೆದ್ದವು. ಸೈಕಲ್ಲಿನವರು ಸ್ಕೂಟರಿಗೆ ಬಂದರು. ನಿಲ್ಲಿಸಲು ಜಾಗವಿಲ್ಲ ಎಂದು ದಿನವೂ ಜಗಳ. ಪಂಚಾಯಿತಿ ಚೇರ್ಮನ್ನು ಒಂದು ದಿನ ಬೀದಿಯವರನ್ನೆಲ್ಲ ಸೇರಿಸಿ, ಒಂಬತ್ತೂ ಮರ ತೆಗೆಸಿ ಲಾರಿ ಸ್ಕೂಟರಿಗೆ ಜಾಗ ಮಾಡುತ್ತೇವೆ ಎಂದ. ಗಂಡಸರು ಗೊಣಗಿದರು, ಹೆಂಗಸರು ಬೈದರು, ಚೇರ್ಮನ್ನು ಎಲೆ ಅಡಿಕೆ ಜಗಿಯುತ್ತಾ ಕೂತಿದ್ದ. ಆಗ ಪಕ್ಕದ ಮನೆಯಾಕೆ ಎದ್ದು ಕೇಳಿದಳು, “ಲಾರಿ ಬಿಸ್ಲಲ್ಲಿ ನಿಂತ್ರೆ ಅದ್ಕೇನು ತಲೆನೋವು ಬತ್ತದಾ ಸಾಮಿ? ನಾವ್ ನಿಂತ್ರೆ ಬತ್ತದೆ.”

ಇಡೀ ಬೀದಿ ನಕ್ಕಿತು. ಚೇರ್ಮನ್ನೂ ನಕ್ಕ. ಆ ಮಾತು ನನಗೂ ಹೊಳೆದಿತ್ತು. ಹೊಳೆದಿತ್ತು ಎಂದು ಅವತ್ತು ಅಂದುಕೊಂಡೆ. ನಿಜಕ್ಕೂ ಹೊಳೆದಿತ್ತೋ ಇಲ್ಲವೋ... ಅದನ್ನು ಆಡಿದವಳು ಆಕೆ, ಮಾತು ಆಕೆಯದಾಯಿತು.

ನಕ್ಕರೆ ಮರ ಉಳಿಯುವುದಿಲ್ಲವಲ್ಲ. ಅದಕ್ಕೂ ಆಕೆಯೇ ದಾರಿ ಹುಡುಕಿದಳು. ಒಂದು ಅಮಾವಾಸ್ಯೆ ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ಕೆರೆಯಿಂದ ಕಲ್ಲು ಹೊತ್ತು ತಂದು, ಒಂದೊಂದು ಮರದ ಬುಡಕ್ಕೆ ಮೂರು ಕಲ್ಲು ನಿಲ್ಲಿಸಿ ತೊಳೆದಳು. ಅರಿಶಿನ ಕುಂಕುಮ ಇಟ್ಟು, ಕಾಂಡಕ್ಕೆ ಅರಿಶಿನದ ದಾರ ಸುತ್ತಿ, ಮುಂದೆ ಒಂದು ಮಣ್ಣಿನ ದೀಪ ಹಚ್ಚಿದಳು. ಮುನೇಶ್ವರ ಬಂದು ಕೂತ ಎಂದಳು. ಯಾರಿಗೂ ನಗು ಬರಲಿಲ್ಲ. ಹುಣಸೆ ಮರದಲ್ಲಿ ಮುನಿ ಇರುತ್ತಾನೆ ಎಂದು ನಾವೆಲ್ಲ ಹುಟ್ಟಿದಾಗಿನಿಂದ ಕೇಳಿದವರೇ.

ಮರ ಕಡಿಯುವ ಮೇಸ್ತ್ರಿ ನೆಲಮಂಗಲದ ಕಡೆಯವನು. ಆಳುಗಳನ್ನು ಕರೆದುಕೊಂಡು ಬಂದವನು ಮೊದಲನೆಯ ಮರದ ಹತ್ತಿರವೇ ಚಪ್ಪಲಿ ಬಿಟ್ಟ. ಚೇರ್ಮನ್ನು ಎಷ್ಟು ಗದರಿದರೂ ಅವನದು ಒಂದೇ ಮಾತು. “ದೀಪ ಉರೀತಿರೋ ಮರಕ್ಕೆ ಕೊಡ್ಲಿ ಆಕಲ್ಲ ಸಾಮಿ. ನನಗೂ ಎಂಡ್ತಿ ಮಕ್ಳವರೆ. ದೀಪ ನಿಂತೋದ್ರೆ ಏಳ್ ಕಳ್ಸಿ. ಆಗ ಅದು ಬರೀ ಕಲ್ಲು.”

ಅಲ್ಲಿಂದ ಹೆಂಗಸರು ಮರಗಳನ್ನು ಹಂಚಿಕೊಂಡರು. ಯಾರ ಮನೆ ಮುಂದಿನ ಮರವೋ ಅವರದು ದೀಪ. ಒಂದು ದಿನವೂ ತಪ್ಪಬಾರದು. ನನ್ನ ಮನೆ ಮುಂದೆ ಮರವಿರಲಿಲ್ಲ, ನನಗೆ ದೀಪವೂ ಇಲ್ಲ. ಸಂಜೆ ಬೀದಿಗೆಲ್ಲ ದೀಪ ಹಚ್ಚುವಾಗ ನಾನು ಜಗುಲಿಯ ಮೇಲೆ ಅಕ್ಕಿ ಆರಿಸುತ್ತಾ ಕೂತಿರುತ್ತಿದ್ದೆ. ಮೇಸ್ತ್ರಿ ವಾರಕ್ಕೊಮ್ಮೆ ಬಂದು ಒಂದೊಂದು ದೀಪಕ್ಕೂ ಬೆರಳು ಅದ್ದಿ ನೋಡಿ ಹೋಗುತ್ತಿದ್ದ. ಹೀಗೆ ಒಂದು ವರ್ಷಕ್ಕೂ ಮೇಲೆ ನಡೆಯಿತು. ಆಚೆ ಬೀದಿಯವರೂ ಬಂದು ಆಕೆಯನ್ನು ಹೊಗಳಿ ಹೋದರು. ಮಜ್ಜಿಗೆ ಕುಡಿಯುವವರು ಆಕೆಗೆ ಕೈ ಮುಗಿಯಲು ಶುರು ಮಾಡಿದರು. ಅದನ್ನೂ ನೋಡಿದೆ.

ಒಂದು ಬೇಸಿಗೆಯಲ್ಲಿ ಆಕೆಯ ತವರಿನಿಂದ, ಮಾಗಡಿ ಕಡೆಯಿಂದ, ತಾಯಿಗೆ ಕಾಯಿಲೆ ಜೋರು ಎಂದು ಹೇಳಿಕಳಿಸಿದರು. ಹೊರಡುವ ಮುಂಚೆ ಒಂದು ಶೀಶೆ ಹೊಂಗೆ ಎಣ್ಣೆ, ಒಂದು ಹಿಡಿ ಬತ್ತಿ ತಂದು ನನ್ನ ಕೈಗಿಟ್ಟಳು.

“ಎಂಟ್ ದಿನ ಕಣಮ್ಮಿ. ನಮ್ ಮರದ ದೀಪ ನಿಂದು.”

“ನಂಗ್ಯಾಕಕ್ಕ? ಬೇರೆ ಯಾರಿಗಾದ್ರೂ ಏಳು.”

“ಬೇರೇರು ಯಾಕೆ? ಗೋಡೆಗಂಟ್ಕೊಂಡು ನೀನಿಲ್ವಾ?” ಎಂದು ನನ್ನ ಗಲ್ಲ ಚಿವುಟಿ ಹೋದಳು.

ಎರಡು ದಿನ ಸರಿಯಾಗಿ ಹಚ್ಚಿದೆ. ಸುಳ್ಳೇಕೆ ಹೇಳಲಿ, ಹಚ್ಚುವಾಗ ಚೆನ್ನಾಗಿತ್ತು. ಎರಡನೆಯ ದಿನ ನನ್ನ ಮಡಕೆ ಹೊರಗೆ ತಂದು ಆಕೆಯ ಮರದ ಬುಡದಲ್ಲಿಟ್ಟೆ. ಕಾರ್ಖಾನೆಯವರು ಬಂದರು, ಕುಡಿದರು. ನೆರಳಿನಲ್ಲಿ ಕೂತರೆ ಗಾಳಿ ಹೇಗೆ ಬರುತ್ತದೆ ಎಂದು ನನಗೆ ಗೊತ್ತಾದದ್ದು ಆ ದಿನವೇ. ಮೂರನೆಯ ದಿನ ಒಬ್ಬ ಅರ್ಧ ಲೋಟ ಕುಡಿದು ಮಿಕ್ಕಿದ್ದನ್ನು ಬುಡಕ್ಕೆ ಚೆಲ್ಲಿದ.

“ಅಕ್ಕ ಯಾವಾಗ ಬರ್ತಾರಮ್ಮ? ಅವರ ಕೈ ರುಚಿ ಬರಲ್ಲ ಬಿಡಿ ಇದಕ್ಕೆ.”

ಪಕ್ಕದವನು “ಸುಮ್ನಿರೋ” ಎಂದ. ಆದರೆ ಅವನೂ ಲೋಟ ಕೆಳಗಿಟ್ಟ.

ಅವತ್ತು ಸಂಜೆ ನಾನು ದೀಪ ಹಚ್ಚಲಿಲ್ಲ. ಮರೆತೆ ಎಂದು ಬರೆಯಬಹುದು. ಮರೆತಿರಲಿಲ್ಲ. ಶೀಶೆ ಗೂಡಿನಲ್ಲಿತ್ತು, ಬತ್ತಿ ಅದರ ಪಕ್ಕದಲ್ಲಿತ್ತು, ನಾನು ಅದರ ಎದುರಿಗೇ ಕೂತು ಮುದ್ದೆ ಉಂಡೆ. ಆಚೆ ಎಂಟು ದೀಪ ಉರಿಯುತ್ತಿದ್ದವು. ಮರುದಿನವೂ ಹಚ್ಚಲಿಲ್ಲ. ಅದರ ಮರುದಿನವೂ... ಯಾರಾದರೂ ಕೇಳಿದರೆ ಹಚ್ಚೋಣ ಎಂದುಕೊಂಡಿದ್ದೆ. ಯಾರೂ ಕೇಳಲಿಲ್ಲ. ಗಾಳಿಗೆ ಆರಿರಬೇಕು ಎಂದುಕೊಂಡರೋ ಏನೋ. ಮರದ ಮೇಲೆ ನನಗೆ ಕೋಪವಿರಲಿಲ್ಲ. ಆಕೆ ಬಂದಾಗ ಆಕೆಗೆ ಇಲ್ಲದ್ದು ಏನಾದರೂ ಒಂದು ಇರಲಿ ಎನ್ನಿಸಿತ್ತು. ಅಷ್ಟೇ.

ಆರನೆಯ ದಿನ ಬೆಳಗ್ಗೆ ಮೇಸ್ತ್ರಿ ಬಂದ. ದೀಪಕ್ಕೆ ಬೆರಳಿಟ್ಟ. ಬೆರಳಿಗೆ ಧೂಳು ಹತ್ತಿತು. ಹಣತೆ ಎತ್ತಿ ಮೂಸಿ ನೋಡಿದ. ಹೆಂಗಸರು ನೀರಿಗೆ ಹೋಗಿದ್ದ ಹೊತ್ತು, ಜಗುಲಿಯ ಮೇಲೆ ಇದ್ದವಳು ನಾನೊಬ್ಬಳೇ.

“ಈ ಮರದ ದೀಪ ಯಾರದವ್ವ?”

“ಪಕ್ಕದ ಮನೆಯವರದು. ಊರಲ್ಲಿಲ್ಲ” ಅಂದೆ.

ಅವನು ಕಲ್ಲುಗಳಿಗೆ ಕೈ ಮುಗಿದು, ಮೂರನ್ನೂ ಹಣತೆಯ ಜೊತೆ ಎತ್ತಿ ಬೇಲಿಯ ಪಕ್ಕಕ್ಕಿಟ್ಟು, ಸರ್ಕಲ್ಲಿನಲ್ಲಿದ್ದ ಆಳುಗಳನ್ನು ಕರೆತಂದ. ಹೆಂಗಸರು ಬಿಂದಿಗೆ ಹೊತ್ತು ಬರುವಷ್ಟರಲ್ಲಿ ದೊಡ್ಡ ಕೊಂಬೆಗಳು ನೆಲದ ಮೇಲಿದ್ದವು. ಎಲ್ಲರೂ ಕೂಗಾಡಿದರು, ಮಣ್ಣು ತೂರಿದರು. ನಾನೂ ಅವರ ಜೊತೆ ಸೇರಿ ಮಣ್ಣು ತೂರಿದೆ. ಸಂಜೆಗೆ ಮರ ಬಿತ್ತು. ಹಸಿ ಹುಣಸೆ ಚಿಗುರಿನ ಹುಳಿ ವಾಸನೆ ಬೀದಿಗೆಲ್ಲ ಹರಡಿತ್ತು. ಆ ದಿನ ಮಧ್ಯಾಹ್ನವೇ ಇಬ್ಬರ ಜಗುಲಿಗೂ ಒಂದೇ ಬಿಸಿಲು ಬಿದ್ದಿತ್ತು. ಸಮವಾಯಿತು. ಒಂದು ಗಳಿಗೆ ಹಾಗೆಯೇ ಅಂದುಕೊಂಡೆ.

ಎಂಟು ದಿನ ಎಂದು ಹೋದವಳು ತಾಯಿಯನ್ನು ಮಣ್ಣು ಮಾಡಿ, ತಿಥಿ ಮುಗಿಸಿ ಹದಿನೈದು ದಿನಕ್ಕೆ ಬಂದಳು. ಬಸ್ಸಿಳಿದು ಬಂದವಳು ತನ್ನ ಮನೆಯನ್ನು ದಾಟಿ ಹೋಗಿಬಿಟ್ಟಳು, ಮರವಿಲ್ಲದೆ ಗುರುತು ಸಿಗದೆ. ನಮ್ಮ ಮನೆ ಮುಂದೆ ನಿಂತು ಹಿಂತಿರುಗಿ ನೋಡಿದಳು. ಅಲ್ಲಿ ಒಂದು ಲಾರಿ ನಿಂತಿತ್ತು. ಅಳಲಿಲ್ಲ. ಬೇಲಿಯ ಪಕ್ಕದಿಂದ ಹಣತೆ ಎತ್ತಿಕೊಂಡು ನಮ್ಮ ಹೊಸಿಲ ಹತ್ತಿರ ಬಂದಳು.

“ಎಣ್ಣೆ ಸಾಲ್ದೋಯ್ತೇನಮ್ಮಿ?”

“ಊಂ ಕಣಕ್ಕ. ಸಾಲ್ದೋಯ್ತು.”

ನನ್ನ ಬೆನ್ನ ಹಿಂದೆ ಗೂಡಿತ್ತು. ಗೂಡಿನಲ್ಲಿ ಶೀಶೆ ಇತ್ತು, ಕುತ್ತಿಗೆಯವರೆಗೂ ಎಣ್ಣೆ. ಆಕೆಯ ಕಣ್ಣು ನನ್ನ ಭುಜದ ಮೇಲಿಂದ ಅಲ್ಲಿಗೆ ಹೋಗಿದ್ದನ್ನು ನಾನು ನೋಡಿದೆ. ಎಷ್ಟು ಹೊತ್ತು ನೋಡಿದಳೋ... ಆಮೇಲೆ ಅಂದಳು, “ನಾನೇ ಕಮ್ಮಿ ಇಟ್ಟೋಗಿದ್ದೆ ಅನ್ಸ್ತದೆ ಬಿಡು.”

ಆ ಶೀಶೆಯನ್ನು ಆಕೆ ಯಾವತ್ತೂ ವಾಪಸ್ಸು ಕೇಳಲಿಲ್ಲ.

ಮೇಸ್ತ್ರಿ ರಕ್ತ ಕಾರಲಿಲ್ಲ, ಅವನ ಹೆಂಡತಿ ಮಕ್ಕಳಿಗೆ ಏನೂ ಆಗಲಿಲ್ಲ. ಒಂದು ಮರ ಬಿದ್ದ ಮೇಲೆ ಮುನೇಶ್ವರನ ಹೆದರಿಕೆ ಹೋಯಿತು. ಮಿಕ್ಕ ಎಂಟೂ ಮರ, ದೀಪ ಉರಿಯುತ್ತಿದ್ದಂತೆಯೇ, ಎರಡು ಬೇಸಿಗೆಯಲ್ಲಿ ಹೋದವು. ನಮ್ಮ ಹೊಸಿಲ ತನಕ ಲಾರಿ ಬಂದವು. ಡೀಸೆಲ್ ಹೊಗೆಗೆ ಗೋಡೆ ಕಪ್ಪಾಯಿತು. ಆಕೆ ಮಜ್ಜಿಗೆ ನಿಲ್ಲಿಸಿ ಒಂದು ಬಟ್ಟೆ ಕಾರ್ಖಾನೆಗೆ ಗುಂಡಿ ಹಾಕುವ ಕೆಲಸಕ್ಕೆ ಹೋದಳು. ನನ್ನ ಜೊತೆ ಮಾತು ಬಿಡಲಿಲ್ಲ. ಹಬ್ಬಕ್ಕೆ ಒಬ್ಬಟ್ಟು ಕೊಟ್ಟಳು, ನನ್ನ ಮಗಳ ಮದುವೆಗೆ ಮೂರು ದಿನ ನಿಂತು ಸೊಪ್ಪು ಬಿಡಿಸಿದಳು. ಗಲ್ಲ ಮಾತ್ರ ಮತ್ತೆ ಚಿವುಟಲಿಲ್ಲ.

ಆಕೆ ಸತ್ತ ದಿನ ಮುಂದೆ ಪೆಂಡಾಲು ಹಾಕಲೂ ಜಾಗವಿರಲಿಲ್ಲ. ಕಾರುಗಳನ್ನು ತೆಗೆಸಲು ಮನೆ ಮನೆ ಬಾಗಿಲು ತಟ್ಟಬೇಕಾಯಿತು. ಹಳಬರೆಲ್ಲ ಮರದ ಮಾತು ತೆಗೆದರು. ಆಕೆಯ ಮಗಳು ನನ್ನ ಪಕ್ಕ ಕೂತು ಹೇಳಿದಳು, “ಅಮ್ಮ ಕೊನೇವರ್ಗೂ ಅದ್ನೇ ಏಳ್ತಿದ್ಲು ಚಿಕ್ಕಮ್ಮ. ಎಣ್ಣೆ ನಾನೇ ಕಮ್ಮಿ ಇಟ್ಟೋಗಿದ್ದೆ, ನನ್ನಿಂದ್ಲೇ ಮರ ಓಯ್ತು ಅಂತ.”

ಶೀಶೆಯ ಮಾತನ್ನು ಆಕೆ ಹೆತ್ತ ಮಗಳಿಗೂ ಹೇಳಿರಲಿಲ್ಲ. ನಾನು ಹೆಣದ ಮುಖ ನೋಡಿದೆ. ಅದರಲ್ಲೂ ನನಗಿಂತ ಮೇಲಾಗಿ ಹೋದಳಲ್ಲ ಎಂದು ಹೊಟ್ಟೆ ಉರಿಯಿತು. ಅಳು ಬಂದದ್ದು ಅದಕ್ಕೋ, ಆಕೆ ಹೋದದ್ದಕ್ಕೋ... ಬೇರೆ ಮಾಡಿ ಹೇಳಲಾರೆ. ಮಗಳಿಗೆ ನಿಜ ಹೇಳಬೇಕಿತ್ತು. ಹೇಳಲಿಲ್ಲ.

ಈಗ ಎರಡು ಮನೆಯೂ ಅವಾಗಿನವಲ್ಲ. ನಮ್ಮದು ಮೂರಂತಸ್ತು, ಆಕೆಯದನ್ನು ಯಾರೋ ಕೊಂಡು ಅಂಗಡಿ ಕಟ್ಟಿದ್ದಾರೆ. ಮೊನ್ನೆ ಮೊಮ್ಮಗಳು ಎಣ್ಣೆ ಸಿಂಪಡಿಸಿ ಕೈ ತೊಳೆಯಲು ಹೋದಳು. ವಾಸನೆ ತಡೆಯಲಾರದೆ ನಾನು ಕೆಳಗಿಳಿದು ಗೇಟಿನ ಹತ್ತಿರ ಕುರ್ಚಿ ಹಾಕಿ ಕೂತೆ. ಬಿಸಿಲು ಸುಡುತ್ತಿತ್ತು. ಒಂದು ಟ್ಯಾಕ್ಸಿ ಬೀದಿಯಲ್ಲಿ ಎರಡು ಸುತ್ತು ಹಾಕಿ ನನ್ನೆದುರು ನಿಂತಿತು. ಕಾರುಗಳೆಲ್ಲ ಕೆಲಸಕ್ಕೆ ಹೋಗಿದ್ದ ಹೊತ್ತು, ಬೇಕಾದಷ್ಟು ಜಾಗವಿತ್ತು. ಡ್ರೈವರು ಕಿಟಕಿ ಇಳಿಸಿ, ಬೆವರು ಒರೆಸಿಕೊಂಡು ಕೇಳಿದ.

“ಅಜ್ಜೀ, ಇಲ್ಲೆಲ್ಲೂ ನೆರಳಿಲ್ವಾ ಗಾಡಿ ನಿಲ್ಸೋಕೆ?”

“ಇತ್ತು ಕಣಪ್ಪ” ಅಂದೆ. “ಪಕ್ಕದ ಮನೆಯವರದು.”

ದೀಪ ಯಾರದು ಎಂದು ಅವನು ಕೇಳಲಿಲ್ಲ.