ಟವೆಲಿನಡಿಯ ಫುಟ್‌ಬಾಲ್

ನಮ್ಮ ಸ್ಯಾಂಪಲ್ ರೂಮಿನ ಕಪಾಟಿನ ಪಕ್ಕದ ಮೊಳೆಯಲ್ಲಿ ಒಂದು ಹಳೆಯ ಟವೆಲು ನೇತಾಡುತ್ತಿರುತ್ತದೆ. ಹಸಿರು ಅಂಚು, ನಡುವೆ ಬೀಡಿ ಕಿಡಿ ತಾಗಿದ ಒಂದು ತೂತು. ಹೊಸಬರು ಯಾರಾದರೂ ಅದರಲ್ಲಿ ಕೈ ಒರೆಸಲು ಹೋದರೆ ನನ್ನ ಜೊತೆ ಲ್ಯಾಬಿನಲ್ಲಿ ಕೆಲಸ ಮಾಡುವ ಸೆಲ್ವಿ ತನ್ನ ಮೇಜಿನಿಂದಲೇ ಗದರುತ್ತಾಳೆ. ಇವತ್ತು ಶುಕ್ರವಾರ ಸಂಜೆ ಟೀ ಕುಡಿಯುತ್ತ ಅದನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಫೋನು ಟಣ್ ಎಂದಿತು. ನಮ್ಮ ಫುಟ್‌ಬಾಲ್ ಲೀಗಿನ ವಾಟ್ಸಾಪ್ ಗುಂಪಿಗೆ ಅರುಳ್ ತಮಿಳಿನಲ್ಲಿ ಬರೆದಿದ್ದ: ಮಾದಪ್ಪಣ್ಣನಿಂದ ಮೂರು ವಾರದಿಂದ ಟೀಮ್ ಬಂದಿಲ್ಲ, ಇವತ್ತೂ ಬರದಿದ್ದರೆ ನಾಲ್ಕು, ಏಳನೇ ರೂಲ್ ಪ್ರಕಾರ ತೆಗೆದುಬಿಡಬಹುದಲ್ಲವಾ ಸಾರ್, ಲ್ಯಾಬಿಗೆ ಬಂದಿರುವ ಹೊಸಬರಿಗೂ ಒಂದು ಜಾಗ ಆಗುತ್ತದೆ.

ಏಳನೇ ರೂಲು ಬರೆದವನು ನಾನೇ. ಅದಕ್ಕೇ ಟೀ ಆರಿಹೋಯಿತು.

ನೀವು ನಮ್ಮ ಕಡೆ ಬಂದಿಲ್ಲದಿದ್ದರೆ ಸ್ವಲ್ಪ ಹೇಳಬೇಕು. ನಾನಿರುವುದು ಸೇಲಂ ಹೊರಗಿನ ಒಂದು ಜವ್ವರಿಸಿ ಮಿಲ್ಲಿನಲ್ಲಿ, ಅದರ ಬಿಳುಪು ಪರೀಕ್ಷಿಸುವ ಲ್ಯಾಬಿನಲ್ಲಿ. ನೀವು ಸಾಬೂದಾನಿ ಅನ್ನುತ್ತೀರಲ್ಲ, ಅದೇ. ಲಾರಿಗಟ್ಟಲೆ ಮರಗೆಣಸು ಬರುತ್ತದೆ, ಬಿಳಿ ಮುತ್ತಾಗಿ ಹೋಗುತ್ತದೆ. ನಡುವೆ ಅದು ಬಿಡುವ ಹುಳಿ ವಾಸನೆ ನಮ್ಮ ಬಟ್ಟೆ, ಕೂದಲು, ಬುತ್ತಿಯನ್ನೂ ಬಿಡುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ಸ್ವಲ್ಪ ಸರಿದು ಕೂತರೆ ನಾವು ಬೇಜಾರು ಮಾಡಿಕೊಳ್ಳುವುದಿಲ್ಲ, ಜಾಗ ಸಿಕ್ಕಿತಲ್ಲ ಎಂದು ಕಾಲು ಚಾಚುತ್ತೇವೆ.

ಇಂಥ ಕಡೆಗೆ ಫುಟ್‌ಬಾಲ್ ತಂದವನು ಅರುಳ್. ಮೊರಪ್ಪೂರಿನಿಂದ ದಿನಾ ರೈಲಿನಲ್ಲಿ ಬರುವ ಡಿಸ್‌ಪ್ಯಾಚ್ ಗುಮಾಸ್ತ. ರೈಲಿನಲ್ಲಿ ಕೂತು ಕೂತು ಅವನಿಗೆ ಒಂದು ಆ್ಯಪ್ ಗಂಟುಬಿದ್ದಿತ್ತು. ಆಟ ಇಷ್ಟೇ: ಸಮುದ್ರದಾಚೆ ನಿಜವಾಗಿ ಫುಟ್‌ಬಾಲ್ ಆಡುವವರನ್ನು ನಾವು ಇಲ್ಲಿ ಕಾಗದದ ಮೇಲೆ ನಮ್ಮ ತಂಡಕ್ಕೆ ಸೇರಿಸಿಕೊಳ್ಳುವುದು. ಅವರು ಅಲ್ಲಿ ಗೋಲು ಹೊಡೆದರೆ ಇಲ್ಲಿ ನಮಗೆ ಅಂಕ. ಪ್ರತಿ ಶುಕ್ರವಾರ ಸಂಜೆಯೊಳಗೆ ಆ ವಾರ ಯಾರನ್ನು ಆಡಿಸುತ್ತೇವೆಂದು ಹೇಳಬೇಕು. ಏಳು ಜನ ಸೇರಿದರು, ಎಂಟನೆಯವರು ಬೇಕಿತ್ತು. ನಾನು ಲಾರಿ ತೂಗುವ ವೇಬ್ರಿಜ್‌ನಲ್ಲಿ ಕೂರುತ್ತಿದ್ದ ಮಾದಪ್ಪಣ್ಣನನ್ನು ಕೇಳಿದೆ. ಮಿಲ್ಲಿನಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ.

ಮಾದಪ್ಪಣ್ಣ ಮೇಚೇರಿಯವರು. ಮನೆ ತುಂಬ ಕುರಿ. ಮಿಲ್ಲಿಗೆ ಬರುವ ಮುಂಚೆ ಸಂತೆಯಲ್ಲಿ ಕುರಿ ವ್ಯಾಪಾರದ ದಲ್ಲಾಳಿಯಾಗಿದ್ದವರು. ಆಟದ ವಿಷಯವನ್ನೆಲ್ಲ ಕಣ್ಣು ಮುಚ್ಚಿ ಕೇಳಿದರು.

"ಒಬ್ಬನೇ ಆಟಗಾರ ನಿನ್ ತಂಡದಾಗೂ ಇರ್ತಾನೆ, ಅರುಳು ತಂಡದಾಗೂ ಇರ್ತಾನಾ?"

"ಹೂಂ ಅಣ್ಣಾ. ಆ್ಯಪ್‌ನಲ್ಲಿ ಹಾಗೇ."

"ಒಂದ್ ಕುರಿ ಎಂಟ್ ದೊಡ್ಡಿಲಿ ಎಂಗ್ಲಾ ಇರ್ತದೆ? ಅಂತಾ ಸಂತೆಗೆ ನಾ ಬರಕಿಲ್ಲ."

ಯೋಚಿಸಿದರೆ ಅವರ ಮಾತು ಸರಿಯೇ ಅನ್ನಿಸಿತು. ಆ್ಯಪ್ ಬಿಟ್ಟೆವು. ಒಬ್ಬ ಆಟಗಾರನಿಗೆ ಒಬ್ಬರೇ ಯಜಮಾನ ಎಂದು ನಮ್ಮದೇ ಲೀಗ್ ಮಾಡಿದೆವು. ಅಂಕ ಬರೆಯುವ ಶೀಟು ನನ್ನ ಪಾಲಿಗೆ ಬಂತು. ರೂಲು ಎಂದರೆ ನನಗೆ ಮೊದಲಿನಿಂದಲೂ ಒಂದು ಚಪಲ. ಆಫೀಸಿನ ಲೆಟರ್‌ಹೆಡ್ಡಿನಂತೆ ಗೆರೆ ಎಳೆದು ಹದಿನಾಲ್ಕು ರೂಲು ಟೈಪು ಮಾಡಿ ಗೋಡೆಗೆ ಅಂಟಿಸಿದೆ. ಏಳನೆಯದು: ಸತತ ನಾಲ್ಕು ವಾರ ತಂಡ ತಿಳಿಸದವರನ್ನು ಲೀಗಿನಿಂದ ತೆಗೆಯಲಾಗುವುದು. ಒಂಬತ್ತನೆಯದು: ಒಬ್ಬರ ಆಟಗಾರನನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ.

ಆಟಗಾರರನ್ನು ಹಂಚಿಕೊಳ್ಳುವ ದಿನ ಮಾದಪ್ಪಣ್ಣ ಹೆಗಲ ಟವೆಲು ತೆಗೆದು ತಮ್ಮ ಬಲಗೈ ಮೇಲೆ ಹೊದಿಸಿಕೊಂಡು ಕೂತರು. ಮೇಚೇರಿ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಬಟ್ಟೆಯ ಅಡಿ ಕೈ ತೂರಿಸಿ ಎದುರಿನವರ ಬೆರಳು ಹಿಡಿಯುವುದು. ಎಷ್ಟು ಬೆರಳೋ ಅಷ್ಟು ಬೆಲೆ, ಪಕ್ಕದವನಿಗೆ ತಿಳಿಯಬಾರದು. ನಮ್ಮಲ್ಲಿ ಒಂದು ಬೆರಳೆಂದರೆ ಹತ್ತು, ಆಟಗಾರರನ್ನು ಕೊಳ್ಳಲು ಒಬ್ಬೊಬ್ಬರಿಗೆ ಒಟ್ಟು ನೂರು. ಸೆಲ್ವಿ ಮಾತ್ರ ಕೈ ಕೊಡಲಿಲ್ಲ, ಟವೆಲಿನಡಿ ಪೆನ್ಸಿಲ್ ತೂರಿಸಿ ಅದರ ತುದಿಯಿಂದ ಬೆರಳು ಮುಟ್ಟಿದಳು. ಅರುಳ್‌ಗೆ ಇದೊಂದೂ ತಲೆಗೆ ಹೋಗಿರಲಿಲ್ಲ. ಒಬ್ಬ ಮುದಿ ಗೋಲ್‌ಕೀಪರನ ಹೆಸರು ಬಂದಾಗ ಹಿರಿಯರೆಂಬ ಮರ್ಯಾದೆಯಿಂದ ಮಾದಪ್ಪಣ್ಣನ ಕೈಯನ್ನು ಪೂರ್ತಿ ಹಿಡಿದು ಕುಲುಕಿಬಿಟ್ಟ.

"ಐವತ್ತು. ಗೋಲ್‌ಕೀಪರು ಅರುಳುಗೆ," ಎಂದರು ಮಾದಪ್ಪಣ್ಣ.

"ಅಯ್ಯೋ ಅಣ್ಣೇ, ನಾನ್ ಸುಮ್ಮಾ ವಣಕ್ಕಂ ಸೊನ್ನೇನ್!" ಸುಮ್ಮನೆ ನಮಸ್ಕಾರ ಹೇಳಿದೆನಷ್ಟೇ ಎಂದು ಅವನು ಅತ್ತೇಬಿಡುವಂತಿದ್ದ. ಸಂತೆಯಲ್ಲಿ ಒಮ್ಮೆ ಹಿಡಿದ ಬೆರಳು ಹಿಡಿದ ಹಾಗೇ. ಆ ವರ್ಷ ಪೂರ್ತಿ ಅವನು ಆ ಗೋಲ್‌ಕೀಪರನನ್ನು ಹೊತ್ತುಕೊಂಡು ತಿರುಗಿದ.

ಆಟಗಾರರ ಹೆಸರುಗಳು ಮಾದಪ್ಪಣ್ಣನ ನಾಲಿಗೆಗೆ ಹತ್ತಲಿಲ್ಲ. ಅವರೇ ಹೆಸರಿಟ್ಟರು. ಎತ್ತರದವನು ಉದ್ದಪ್ಪ. ಕೆಂಪು ಕೂದಲಿನವನು ಕೆಂಚ. "ನಮ್ ಮೇಚೇರಿ ಕುರಿ ಬಣ್ಣ ನೋಡ್ಲಾ ಅವಂದು," ಎಂಬ ಒಂದೇ ಕಾರಣಕ್ಕೆ ಕೆಂಚನನ್ನು ಇಟ್ಟುಕೊಂಡರು. ಐದನೇ ವಾರ ಕೆಂಚನ ಮೊಣಕಾಲು ಮುರಿಯಿತು. ಇನ್ನು ಆ ವರ್ಷ ಅವನು ಆಡುವುದಿಲ್ಲವೆಂದು ಸುದ್ದಿ ಬಂತು. ಅವನನ್ನು ಬಿಟ್ಟು ಖಾಲಿ ಇರುವ ಬೇರೊಬ್ಬನನ್ನು ತೆಗೆದುಕೊಳ್ಳಿ, ರೂಲಿನಲ್ಲಿ ಅವಕಾಶ ಇದೆ ಎಂದು ನಾನು ಬುದ್ಧಿ ಹೇಳಲು ಹೋದೆ.

"ಕಾಲ್ ಮುರ್ದ ಕುರೀನ ಯಾರ್ಲಾ ಮಾರ್ತಾರೆ? ಅದುನ್ನ ತಕ್ಕಳಾನು ಒಬ್ನೇ, ಕಟುಕ."

"ಅಣ್ಣಾ, ಅವನು ನಿಜವಾದ ಕುರಿ ಅಲ್ಲ. ವಾರವಾರ ನಿಮಗೆ ಸೊನ್ನೆ ಬರುತ್ತೆ."

"ಬರ್ಲಿ. ದೊಡ್ಡಿಲಿ ಜಾಗ ಐತೆ."

ನಾನು ಸೆಲ್ವಿಯ ಕಡೆ ತಿರುಗಿ ನಕ್ಕೆ. ಆ ನಗು ನೆನಪಾದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಯಾಕೆಂದರೆ ಒಂದು ತಿಂಗಳು ಕಳೆಯುವಷ್ಟರಲ್ಲಿ ಮಿಲ್ಲಿನ ಗೇಟಿನ ಹತ್ತಿರ ಗೆಣಸಿನ ಸಿಪ್ಪೆಯ ಮೇಲೆ ನನ್ನ ಬೈಕು ಜಾರಿತು. ಬಲಗಾಲಿನ ಮೂಳೆ ಎರಡು ಕಡೆ ಮುರಿದು ಮನೆಯಲ್ಲಿ ಮಲಗಿದೆ. ಮೊದಲ ವಾರ ಫೋನುಗಳು ಬಂದವು, ಎರಡನೇ ವಾರ ಕಡಿಮೆಯಾದವು. ಆಮೇಲೆ ನಾನೇ ಫೋನು ಆಫ್ ಮಾಡಿದೆ. ನನ್ನ ಮೇಜಿನಲ್ಲಿ ಬೇರೆ ಯಾರೋ ಕೂತಿದ್ದಾರೆಂದು ಕೇಳಿದ್ದೆ. ನಾನಿಲ್ಲದೆಯೂ ಜವ್ವರಿಸಿ ಬೆಳ್ಳಗೇ ಇರುತ್ತದೆ ಎನ್ನುವುದು ಮಲಗಿದವನಿಗೆ ದೊಡ್ಡ ಸಂಕಟ. ನಾಲ್ಕು ವಾರ ಆಗುತ್ತಲೇ ಏಳನೇ ರೂಲಿನಂತೆ ಲೀಗಿನಿಂದಲೂ ಹೋಗಿರುತ್ತೇನೆ ಎಂದು ಲೆಕ್ಕ ಹಾಕಿ, ನನ್ನ ಮೇಲೆ ನಾನೇ ಮರುಕಪಟ್ಟುಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದೆ.

ಐದನೇ ವಾರ ಮಾದಪ್ಪಣ್ಣ ಎರಡು ಬಸ್ಸು ಬದಲಾಯಿಸಿ ಮನೆಗೆ ಬಂದರು. ಕೈಯಲ್ಲಿ ಹಿಡಿಕೆಯ ಸ್ಟೀಲ್ ಡಬ್ಬಿ. ಒಳಗೆ ಮೆಣಸು ಹಾಕಿದ ಕುರಿ ಕಾಲಿನ ಸೂಪು. ನಾನು ಸೂಪನ್ನೊಮ್ಮೆ ಅವರನ್ನೊಮ್ಮೆ ನೋಡಿದೆ. ಅವರಿಗೆ ಅರ್ಥವಾಯಿತು.

"ಕಾಲ್ ಮುರ್ದದ್ದಲ್ಲ ಕಣ್ಲಾ, ಚೆಂದಾಗಿ ಓಡಾಡ್ಕಂಡಿದ್ದುದ್ದೇ. ಕುಡಿ." ಆಮೇಲೆ ತೀರ ಮಾಮೂಲಿ ಎಂಬಂತೆ, "ನಿನ್ ತಂಡ ನಾ ನೋಡ್ಕತಾ ಇವ್ನಿ. ಆರ್‌ನೇ ಜಾಗದಾಗಿತ್ತು, ಈಗ ಮೂರು," ಎಂದರು.

ಮೂರು ತಿಂಗಳಾದ ಮೇಲೆ ಕೋಲೂರಿಕೊಂಡು ಮಿಲ್ಲಿಗೆ ಹೋದೆ. ನನ್ನ ತಂಡ ನಾನು ನೋಡಿಕೊಂಡದ್ದಕ್ಕಿಂತ ಚೆನ್ನಾಗಿತ್ತು. ನನ್ನ ಆಯ್ಕೆಯೇ ಹಾಗಿತ್ತು ಎಂದು ಸ್ವಲ್ಪ ಜಂಬವನ್ನೂ ಕೊಚ್ಚಿಕೊಂಡೆ. ಮಾದಪ್ಪಣ್ಣನ ತಂಡ ಎಂಟನೆಯದು, ಎಲ್ಲರಿಗಿಂತ ಕೆಳಗೆ. ನಾನಿಲ್ಲದಾಗ ಶೀಟು ಬರೆದ ಸೆಲ್ವಿ ನನ್ನ ಜಂಬ ಮುಗಿಯುವವರೆಗೆ ಕಾದು ತಮಿಳಿನಲ್ಲಿ ಹೇಳಿದಳು: "ಸಾರ್, ಉದ್ದಪ್ಪ ಯಾರ ಟೀಮಲ್ಲಿದ್ದಾನೆ ನೋಡಿ."

ಉದ್ದಪ್ಪ ನನ್ನ ತಂಡದಲ್ಲಿದ್ದ. ಅವರ ದೊಡ್ಡಿಯ ಅತ್ಯುತ್ತಮ ಆಟಗಾರ. ಒಂಬತ್ತನೇ ರೂಲು ಏನಾಯಿತು ಎಂದು ಕೇಳಿದೆ.

"ರೂಲ್ ಬರೆದವರು ಕಾಲು ಮುರಿದುಕೊಂಡು ಮಲಗಿದ್ದರಲ್ಲ ಸಾರ್," ಎಂದಳು ಸೆಲ್ವಿ. ವೇಬ್ರಿಜ್ ಕಡೆ ಹೋದರೆ ಮಾದಪ್ಪಣ್ಣ ಲಾರಿಯವನಿಗೆ ಚೀಟಿ ಬರೆಯುತ್ತಿದ್ದರು. ಸೂಪಿನ ಡಬ್ಬಿ ವಾಪಸ್ ಕೊಟ್ಟು ಬಂದೆ.

ಅವರು ರಿಟೈರ್ ಆಗಿ ಎರಡು ವರ್ಷವಾಯಿತು. ಹೋಗುವ ದಿನ ಟವೆಲನ್ನು ಮೊಳೆಗೆ ಹಾಕಿ, "ಸಂತೆಗೆ ಬೇಕಾಯ್ತದೆ," ಎಂದಿದ್ದರು. ಅಂದಿನಿಂದ ಪ್ರತಿ ಶುಕ್ರವಾರ ಮೇಚೇರಿಯಿಂದ ಅವರ ತಂಡ ಧ್ವನಿಸಂದೇಶವಾಗಿ ಬರುತ್ತಿತ್ತು. ಹಿಂದೆ ಕುರಿಗಳ ಸದ್ದೂ ಇರುತ್ತಿತ್ತು. ಮೂರು ವಾರದಿಂದ ಅದು ಇಲ್ಲ. ನಾನು ಯಾಕೆ ವಿಚಾರಿಸಲಿಲ್ಲ? ಕೆಲಸ ಇತ್ತು ಎನ್ನಬಹುದು. ನಿಜ ಹೇಳಬೇಕೆಂದರೆ, ಮರೆತಿದ್ದೆ.

ಟೀ ಲೋಟ ಕೆಳಗಿಟ್ಟು ಫೋನು ಮಾಡಿದೆ. ಬಹಳ ಹೊತ್ತು ರಿಂಗಾಗಿ ಅವರೇ ಎತ್ತಿದರು.

"ಯಾರ್ಲಾ ಅದು? ಕಣ್ಗೆ ಕಟ್ಟವ್ರೆ, ಎಸ್ರು ಕಾಣಾಕಿಲ್ಲ."

ಪೊರೆ ತೆಗೆಸಿದ್ದರು. ಒಂದು ಕಣ್ಣು ವಾಸಿಯಾಗಲು ಸತಾಯಿಸುತ್ತಿತ್ತು, ಇನ್ನೊಂದಕ್ಕೆ ಮೊದಲೇ ಮಂಜು. ನಮಗೇಕೆ ಹೇಳಲಿಲ್ಲ ಎಂದು ರೇಗಿದೆ. ರೇಗುವ ಹಕ್ಕು ನನಗಿರಲಿಲ್ಲ, ಆದರೂ ರೇಗಿದೆ.

"ನಿಮ್ಗ್ಯಾಕೆ ತೊಂದ್ರೆ ಅಂತ. ಏಳ್ನೇ ರೂಲ್ ಐತಲ್ಲಾ, ತೆಗ್ದಾಕ್ಲಾ. ಕಣ್ ಕಾಣ್ದೋನು ಏನ್ ತಂಡ ನೋಡಾನು."

ನಾನು ಶೀಟು ತೆರೆದು ಅವರ ತಂಡವನ್ನು ಒಬ್ಬೊಬ್ಬರಾಗಿ ಓದತೊಡಗಿದೆ. ಅವರು ಇಟ್ಟ ಹೆಸರುಗಳಲ್ಲೇ ಓದಿದೆ. ಮೊದಮೊದಲು ಬರೀ ಹೂಂ ಅಂದರು. ಆಮೇಲೆ ಇವನು ಬೇಡ, ಅವನನ್ನು ಮುಂದೆ ಹಾಕು ಎಂದು ಶುರುವಾಯಿತು. ಮುಂದೆ ಆಡುವವನೊಬ್ಬ ಕಡಿಮೆ ಬಿದ್ದ. ನಾನು ನನ್ನ ಪಟ್ಟಿಯಿಂದ ಗುಂಗುರು ಕೂದಲಿನ ಒಬ್ಬನನ್ನು ತೆಗೆದು ಅವರ ಸಾಲಿಗೆ ಹಾಕಿದೆ. ಈ ವರ್ಷ ನನ್ನನ್ನು ಎರಡನೇ ಜಾಗದಲ್ಲಿ ಇಟ್ಟಿರುವವನೇ ಅವನು.

"ಆಮೇಲೆ ಗುಂಗುರು ಕೂದಲಿನವನು ಒಬ್ಬ ಇದ್ದಾನೆ ಅಣ್ಣಾ. ಹೋದ ವಾರ ಎರಡು ಗೋಲು."

"ಯಾರ ತಂಡದೋನು ಅವ್ನು?"

"ನಿಮ್ಮವನೇ."

ಆ ಕಡೆ ಒಂದು ಕುರಿ ಕೂಗಿತು.

"ಸುಳ್ಳೇಳ್ಬ್ಯಾಡ ಲಾ. ಕಣ್ ಕಟ್ಟವ್ರೆ ಅಷ್ಟೇ. ನನ್ ಕುರಿ ಯಾವ್ದು ಅಂತ ನಂಗೊತ್ತಿಲ್ವಾ?"

ನಾನು ಅವನ ಹೆಸರನ್ನು ಅವರ ಸಾಲಿನಲ್ಲೇ ಬಿಟ್ಟೆ. ಸೆಲ್ವಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.

"ಆಯ್ತು, ಆಡ್ಲಿ ಬುಡು," ಎಂದರು ಮಾದಪ್ಪಣ್ಣ. "ನಿನ್ ಕಾಲ್ ಎಂಗೈತೆ?"