ನಿಕಾಹ್ ಹೊತ್ತಿಗೆ ನಿಂತುಹೋದ ಲ್ಯಾಪ್‌ಟಾಪ್

ನನ್ನ ಲ್ಯಾಪ್‌ಟಾಪ್ ನಿಂತುಹೋದಾಗಲೆಲ್ಲ ಡೈರಿಯ ಹಿಂದಿನ ಪುಟದಲ್ಲಿ ಒಂದು ಗೆರೆ ಎಳೆಯುವುದು ನನ್ನ ರೂಢಿ. ಅದು ಮತ್ತೆ ಏಳಲು ಎಷ್ಟು ಹೊತ್ತು ತೆಗೆದುಕೊಂಡಿತು ಎಂಬುದನ್ನೂ ಪಕ್ಕದಲ್ಲಿ ಬರೆದಿಡುತ್ತೇನೆ. ಗೆಳತಿಯ ನಿಕಾಹ್ ದಿನದ ತನಕ ಹತ್ತೊಂಬತ್ತು ಗೆರೆಗಳಾಗಿದ್ದವು. ಐದು ನಿಮಿಷಕ್ಕಿಂತ ಬೇಗ ಅದು ಯಾವತ್ತೂ ಎದ್ದಿರಲಿಲ್ಲ. ಇದನ್ನು ಗೆಳತಿಗೆ ಮೊದಲೇ ಹೇಳಿದ್ದೆ.

“ಇರ್ಲಿ, ನಿಂದೇ ತಗೊಂಡ್ ಬಾ,” ಎಂದಿದ್ದಳು. “ನಮ್ಮ ಓಣಿಯೊಳಗ ಮತ್ಯಾರ ಹತ್ರ ಅದ?”

ವಾಡಿಯಲ್ಲಿ ನಮ್ಮದು ರೈಲ್ವೆ ಕ್ವಾರ್ಟರ್ಸು, ಅವಳ ಮನೆ ಹಳಿಯಾಚೆ. ಒಂದನೇ ಇಯತ್ತೆಯಿಂದ ಡಿಗ್ರಿಯವರೆಗೆ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವಳ ಅಬ್ಬಾ ದುಬೈಯಲ್ಲಿ ಒಂದು ಕಾರ್ಖಾನೆಯ ಕೆಲಸಕ್ಕಿದ್ದರು. ಮಗಳ ಮದುವೆಗೆಂದು ಕೊಟ್ಟಿದ್ದ ರಜೆಯನ್ನು ಮೇಲಿನವರು ವಾರದ ಹಿಂದೆ ರದ್ದು ಮಾಡಿದ್ದರು. ಕಾರ್ಖಾನೆಯೊಳಗೆ ಫೋನ್ ಒಯ್ಯುವಂತಿಲ್ಲ. ಕೈಕಾಲು ಹಿಡಿದ ಮೇಲೆ ಅವರ ಸಾಹೇಬರು ತಮ್ಮ ಆಫೀಸಿನ ಕಂಪ್ಯೂಟರನ್ನು ಅರ್ಧ ತಾಸು ಕೊಡಲು ಒಪ್ಪಿದ್ದರು. ಅದರ ಲಿಂಕ್ ನನ್ನ ಮೇಲ್‌ಗೆ ಬಂದಿತ್ತು. ಆ ಮೇಲ್‌ನ ಪಾಸ್‌ವರ್ಡ್ ನನಗೆ ಮರೆತು ಎಷ್ಟೋ ತಿಂಗಳಾಗಿತ್ತು. ಅದು ನೆನಪಿದ್ದದ್ದು ಲ್ಯಾಪ್‌ಟಾಪಿಗೆ ಮಾತ್ರ. ಲಿಂಕನ್ನು ಯಾರದಾದರೂ ಫೋನಿಗೆ ಮೊದಲೇ ಕಳಿಸಿಡುವುದು ನನಗೆ ಹೊಳೆದಿರಲಿಲ್ಲ. ಹೀಗಾಗಿ ಆ ದಿನ ಮನೆ ತುಂಬ ಫೋನುಗಳಿದ್ದರೂ ಒಂದೂ ಉಪಯೋಗಕ್ಕಿರಲಿಲ್ಲ.

ಗೆಳತಿಗೆ ಬೇಕಿದ್ದುದು ಇಷ್ಟೇ: ತಾನು ‘ಕಬೂಲ್’ ಎನ್ನುವುದನ್ನು ಅಬ್ಬಾ ಕೇಳಬೇಕು. ಅವರ ಪರವಾಗಿ ವಕೀಲರಾಗಿ ನಿಂತು ಅವಳ ಒಪ್ಪಿಗೆ ಕೇಳುವವರು ಅವಳ ಚಿಕ್ಕಪ್ಪ, ಚಾಚಾ, ಎಂದು ಮೊದಲೇ ನಿಗದಿಯಾಗಿತ್ತು. ಅಂದರೆ ಅಬ್ಬಾ ಕಾಣಿಸದಿದ್ದರೂ ಮದುವೆ ನಿಲ್ಲುವಂತಿರಲಿಲ್ಲ. ಅವಳಿಗಿದ್ದ ಹೆದರಿಕೆಯೂ ಅದೇ.

ಗಂಡಿನವರು ಶಹಾಬಾದದಿಂದ ಎರಡು ಗಾಡಿಗಳಲ್ಲಿ ಬಂದರು. ಗಂಡಸರು ಅಂಗಳದ ಶಾಮಿಯಾನದ ಕೆಳಗೆ, ಹೆಂಗಸರು ಒಳಕೋಣೆಯಲ್ಲಿ. ಅವರ ಪೈಕಿ ಮುಂದಾಳು ವರನ ಸೋದರತ್ತೆ. ಎಲ್ಲರೂ ಫುಪ್ಪಿ ಎನ್ನುತ್ತಿದ್ದರು. ಆ ಮನೆಯ ಮಾತು ಉರ್ದು; ನನ್ನ ಕಿವಿಗೆ ತಿಳಿದಂತೆ ಇಲ್ಲಿ ಬರೆಯುತ್ತಿದ್ದೇನೆ. ಫುಪ್ಪಿಯ ಚುಚ್ಚುಮಾತುಗಳನ್ನು ಮಾತ್ರ ತರ್ಜುಮೆ ಮಾಡಬೇಕಾಗಿಲ್ಲ. ಕ್ವಾರ್ಟರ್ಸಿನ ಹೆಂಗಸರಾದ ನಮಗೂ ಮುಟ್ಟಲೆಂದು ಅವನ್ನು ಆಕೆ ಕನ್ನಡದಲ್ಲೇ ಆಡುತ್ತಿದ್ದಳು.

ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು ಗೆಳತಿಯ ಮುಂದೆ ಸರಿಸಿದೆ. ಅಬ್ಬಾ ಕಾಣಿಸಿದರು. ಕಂಪನಿಯ ನೀಲಿ ಅಂಗಿ, ನೀರು ಹಚ್ಚಿ ಬಾಚಿದ ಕೂದಲು.

“ಇದ್ಯಾರ ಮನಿ ರಾಣಿನ್ನ ತಂದು ಕುಂದ್ರಿಸೀರಿ?” ಎಂದರು. “ನಮ್ಮನ್ಯಾಗಿನ ಜಗಳಗಂಟಿ ಎಲ್ಲಿ...”

ಅಲ್ಲಿಗೆ ನಿಂತುಹೋಯಿತು. ಅವರ ಬಾಯಿ ತೆರೆದೇ ಇತ್ತು, ಒಂದು ಕಣ್ಣು ಅರ್ಧ ಮುಚ್ಚಿತ್ತು, ಒಂದು ಕೈ ಕಿವಿಯ ಹತ್ತಿರ ಎತ್ತಿದಂತಿತ್ತು. ಮೌಸ್ ಅಲ್ಲಾಡಿಸಿದೆ, ಇದ್ದಬದ್ದ ಬಟನ್ ಒತ್ತಿದೆ. ಬಾಣದ ಗುರುತು ಕದಲಲಿಲ್ಲ. ಮೂಲೆಯ ಗಡಿಯಾರವೂ ನಿಂತಿತ್ತು.

“ನೋಡ್ರೇ, ನಮ್ಮ ಬೀಗರ ಮಾರಿ ನೋಡ್ರೇ!” ಫುಪ್ಪಿ ಕೈ ತಟ್ಟಿದಳು. “ಸೀನ್ಲಿಕ್ ಹೋಗಿ ಮರ್ತಂಗ ಕಾಣ್ತದ.”

ಕೋಣೆಯೆಲ್ಲ ನಕ್ಕಿತು. ವರನ ಕಡೆಯ ಹುಡುಗಿಯೊಬ್ಬಳು ಫೋನ್ ತೆಗೆದು ಆ ಮುಖದ ಫೋಟೊ ಹೊಡೆದುಕೊಂಡು ಪಕ್ಕದವಳಿಗೆ ತೋರಿಸಿದಳು. ಗೆಳತಿಯ ಅಮ್ಮಿಯೂ ನಕ್ಕರು. ಗಂಡಿನವರು ನಗುವಾಗ ಹೆಣ್ಣಿನ ತಾಯಿ ಸುಮ್ಮನೆ ನಿಂತರೆ ಅದಕ್ಕೂ ಒಂದು ಮಾತು ಬರುತ್ತದೆ.

“ಏನವಾ ಕಂಪ್ಯೂಟರ್ ಬಾಯಿ,” ಫುಪ್ಪಿ ನನ್ನತ್ತ ತಿರುಗಿದಳು, “ಈ ಡಬ್ಬಿನೂ ಜಹೇಜ್-ವರದಕ್ಷಿಣಿಯೊಳಗ ಅದ ಏನು? ಇದ್ರ ಈಗ್ಲೇ ಹೇಳು, ವಾಪಸ್ ಒಯ್ರಿ ಅಂತೀವಿ.”

ಬಟನ್ ಒತ್ತಿ ಹಿಡಿದು ಆರಿಸಿ ಮತ್ತೆ ಹಚ್ಚುವುದು ಬಿಟ್ಟು ಬೇರೆ ದಾರಿಯಿರಲಿಲ್ಲ. ಗೆಳತಿಯ ಕಿವಿಯಲ್ಲಿ ಹಾಗೆಂದೆ. ಅವಳು ಮೆಹಂದಿಯ ಕೈಯಿಂದ ನನ್ನ ಮಣಿಕಟ್ಟು ಹಿಡಿದಳು.

“ಬ್ಯಾಡ. ಬಂದ್ ಮಾಡಿದ್ರ ಅಬ್ಬಾ ಹೋಗಿಬಿಡ್ತಾರ.”

“ಅವ್ರು ಆಗಲೇ ಹೋಗ್ಯಾರ. ಇದು ಬರೇ ಫೋಟೊ.”

“ನಮಗ ಕಾಣ್ಲಿಲ್ಲಂದ್ರೂ ಅವರಿಗಿ ಕೇಳ್ತಿರಬಹುದಲ್ಲ?” ಎಂದು ತೆರೆಗೆ ಬಾಯಿ ಹಚ್ಚಿ, “ಅಬ್ಬಾ? ಅಬ್ಬಾ?” ಎಂದಳು.

“ಜೋರಾಗಿ ಒದರು,” ಎಂದಳು ಫುಪ್ಪಿ. “ದುಬೈ ಭಾಳ ದೂರ ಅದ.”

ಮತ್ತೆ ನಗು. ಅಷ್ಟರಲ್ಲಿ ಚಾಚಾ ಬಾಗಿಲ ಪರದೆಯ ಹತ್ತಿರ ಬಂದು ಎಷ್ಟು ಹೊತ್ತಾಗುತ್ತದೆಂದು ಕೇಳಿದರು. ಕಾಜಿ ಸಾಹೇಬರಿಗೆ ಚಿತ್ತಾಪುರದಲ್ಲಿ ಇನ್ನೊಂದು ನಿಕಾಹ್ ಇತ್ತು. ಏಳೆಂಟು ನಿಮಿಷವಾದರೂ ಬೇಕು ಎಂದೆ. ಚಾಚಾ ಹೊರಗೆ ಹೋಗಿ ಮಾತಾಡಿ ಬಂದು, “ಐದು ನಿಮಿಷ ಅಂತಾರವ್ವ ಗಂಡಿನವರು,” ಎಂದರು. ಐದು ನಿಮಿಷ ಎಂದದ್ದು ಕಾಜಿಯಲ್ಲ, ಗಂಡಿನವರು.

ಗೆಳತಿಯ ಬೆರಳು ಬಿಡಿಸಿ ಬಟನ್ ಒತ್ತಿ ಹಿಡಿದೆ. ತೆರೆ ಕಪ್ಪಾಯಿತು.

“ಹೋದ್ರು ಬೀಗ್ರು!” ಎಂದಳು ಫುಪ್ಪಿ.

ಮತ್ತೆ ಹಚ್ಚಿದಾಗ ಅದು ನೇರವಾಗಿ ಏಳಲಿಲ್ಲ. ಒಮ್ಮೆಲೇ ಆರಿಸಿದ್ದಕ್ಕೆ ಡಿಸ್ಕ್ ಸರಿಯಿದೆಯೇ ಎಂದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲು ಶುರುಮಾಡಿತು. ಕಪ್ಪು ತೆರೆಯ ನಡುವೆ ಶೇಕಡಾ ಲೆಕ್ಕ ಏರುತ್ತಿತ್ತು. ವರನ ಕಡೆಯ ಹುಡುಗಿಯರಿಗೆ ಆಟ ಸಿಕ್ಕಿತು. ಒಂದೊಂದು ಅಂಕಿಯನ್ನೂ ಕೂಗಿದರು. ಮೂವತ್ತೈದಕ್ಕೆ, “ಪಾಸಾತು!” ಅರವತ್ತಕ್ಕೆ, “ಫಸ್ಟ್ ಕ್ಲಾಸ್!” ಅರವತ್ತಕ್ಕೆ ಬಂದು ಅದು ನಿಂತೇಬಿಟ್ಟಿತು.

ಚಾಚಾ ಇಬ್ಬರು ಸಾಕ್ಷಿಗಳೊಂದಿಗೆ ಒಳಗೆ ಬಂದರು. ಹೆಂಗಸರು ಸೆರಗು ಎಳೆದುಕೊಂಡರು. ಗೆಳತಿ ನನ್ನ ಕಡೆ ಬಾಗಿ ಪಿಸುಗುಟ್ಟಿದಳು:

“ನಾ ಬಾಯಿ ಬಿಡಂಗಿಲ್ಲ. ನಾ ಕಬೂಲ್ ಅನ್ಲಾರ್ದ ಅವರಿಗಿ ಏನೂ ಮಾಡ್ಲಿಕ್ ಬರಂಗಿಲ್ಲ. ಅಷ್ಟರೊಳಗ ನೀ ಅದನ್ನ ಎಬ್ಬಸು.”

ಚಾಚಾ ವರನ ಹೆಸರು, ಅವನ ತಂದೆಯ ಹೆಸರು, ವರ ಕೊಡುವ ಮೆಹರಿನ ಮೊತ್ತ ಹೇಳಿ, ಈ ನಿಕಾಹ್ ನಿನಗೆ ಕಬೂಲ್ ಏನು ಎಂದು ಕೇಳಿದರು. ಅವಳು ತಲೆ ತಗ್ಗಿಸಿ ಕೂತಳು. ಆಗಲೇ ಒಂದು ಗೂಡ್ಸ್ ಗಾಡಿ ಹಾಯಿತು. ಅದರ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ ಎಂದುಕೊಂಡ ಚಾಚಾ ಕೊನೆಯ ಡಬ್ಬಿ ದಾಟುವ ತನಕ ಕಾದು ಮತ್ತೊಮ್ಮೆ ಕೇಳಿದರು. ಅವಳು ತೆರೆಯ ಕಡೆ ಕಣ್ಣು ಹಾಯಿಸಿದಳು. ಲ್ಯಾಪ್‌ಟಾಪ್ ಅರವತ್ತೆಂಟಕ್ಕೆ ಬಂದಿತ್ತು. ಮೂರನೆಯ ಸಲ ಅವರ ದನಿ ಸಣ್ಣದಾಯಿತು.

“ಅನ್ನು ಬೇಟಾ. ಹೊರಗ ಎಲ್ಲಾರೂ ಕುಂತಾರ.”

ನನ್ನ ಓಢಣಿಯ ಅಂಚು ಅವಳ ಮುಷ್ಟಿಯಲ್ಲಿತ್ತು. ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

“ಎಷ್ಟ್ ಸಲ ಕೇಳ್ತೀರಿ?” ಫುಪ್ಪಿ ಕೂತಲ್ಲಿಂದಲೇ ಹೇಳಿದಳು. “ಕುವಾರಿ ಹುಡುಗಿ ಸುಮ್ಮನಿದ್ಲಂದ್ರ ಒಪ್ಪಿದಂಗ. ಇದೇನ್ ಹೊಸಾದೇನು? ನಾಚ್ಕಿ ಇದ್ದ ಹುಡುಗಿ ಹಿಂಗೇ ಕುಂದ್ರತಾಳ.”

“ಅದೂ ಖರೇ ಅದ,” ಎಂದರು ಸಾಕ್ಷಿಗಳಲ್ಲಿ ಹಿರಿಯರು.

ಚಾಚಾ ಅಮ್ಮಿಯ ಮುಖ ನೋಡಿದರು. ಅಮ್ಮಿ ನೆಲ ನೋಡಿದರು. ಗೆಳತಿ ಒಮ್ಮೆಲೇ ತಲೆ ಎತ್ತಿ, “ಚಾಚಾ...” ಎಂದಳು.

“ಏನು?” ಫುಪ್ಪಿ ಅವಳನ್ನೇ ದಿಟ್ಟಿಸಿದಳು. “ಇಲ್ಲ ಅಂತೀಯೇನು? ಅನ್ನು, ಎಲ್ಲಾರೂ ಕೇಳ್ಲಿ.”

ಹುಡುಗ ಅವಳಿಗೆ ಬೇಕಾದವನೇ. ಇಲ್ಲ ಎನ್ನುವ ಮಾತೇ ಇರಲಿಲ್ಲ. ಆದರೆ ಈಗ ಅವಳು ತಡೆಯಿರಿ ಎಂದರೂ ಅದು ಬೇಡವೆಂದಂತೆಯೇ ಹೊರಗೆ ಹೋಗುತ್ತಿತ್ತು. ಆ ಶಾಮಿಯಾನದಿಂದ ಶಹಾಬಾದದವರೆಗೆ. ಹೂಂ ಎನ್ನೋಣವೆಂದರೆ ಆ ಹೂಂ ಅನ್ನು ಅವಳು ಅಬ್ಬಾನಿಗಾಗಿ ಇಟ್ಟುಕೊಂಡಿದ್ದಳು. ಬಾಯಿ ಮುಚ್ಚಿದಳು. ಚಾಚಾ ಹೊರಗೆ ಹೋದರು. “ಒಪ್ಪಿಗಿ ಅದ,” ಎಂದು ಕಾಜಿಯವರಿಗೆ ಹೇಳಿದ್ದು ಪರದೆಯ ಈಚೆಗೂ ಕೇಳಿಸಿತು. ಆಮೇಲೆ ವರನ ದನಿ, ಅದರ ಹಿಂದೆ ದುವಾ, ಖರ್ಜೂರಕ್ಕೆ ಮುಗಿಬಿದ್ದ ಮಕ್ಕಳ ಗದ್ದಲ.

ಲ್ಯಾಪ್‌ಟಾಪ್ ಎದ್ದಿತು. ಮುಬಾರಕ್ ಹೇಳಲು ಬಗ್ಗಿದವರ ತೋಳುಗಳ ನಡುವೆ ಕೈ ತೂರಿಸಿ ಮೇಲ್ ತೆರೆದು ಲಿಂಕ್ ಒತ್ತಿದೆ. ಅಬ್ಬಾ ಅಲ್ಲೇ ಕೂತಿದ್ದರು.

“ಬಂತು, ಬಂತು!” ಎಂದರು. “ಇನ್ನಾ ಹೊತ್ತದ, ಗಾಬ್ರಿ ಆಗಬ್ಯಾಡ್ರಿ. ಚಾಚಾಗ ಕರೀರಿ, ಶುರು ಮಾಡ್ರಿ.”

“ಮತ್ತೊಮ್ಮೆ ಕೇಳಿದಂಗ ಮಾಡ್ರಲ್ಲ,” ಫುಪ್ಪಿ ತಗ್ಗಿದ ದನಿಯಲ್ಲಿ ಅಮ್ಮಿಗೆ ಹೇಳಿದಳು. “ಅಲ್ಲಿ ಕುಂತವಗ ಏನ್ ತಿಳೀತದ?” ಅಮ್ಮಿ ಒಪ್ಪಿಬಿಡುತ್ತಿದ್ದರೋ ಏನೋ. ಗೆಳತಿಯೇ ತೆರೆಯ ಹತ್ತಿರ ಸರಿದಳು.

“ಆತು, ಅಬ್ಬಾ.”

“ಏನಾತು?”

“ನಿಕಾಹ್.”

ಅವರು ನಕ್ಕರು. ಪಕ್ಕದಲ್ಲಿ ನಮಗೆ ಕಾಣದಂತೆ ಇದ್ದ ಯಾರಿಗೋ, ಬಹುಶಃ ಸಾಹೇಬರಿಗೆ, ಹಿಂದಿಯಲ್ಲಿ ಅದನ್ನು ಹೇಳಿದರು. ಮತ್ತೆ ಈ ಕಡೆ ತಿರುಗಿದಾಗಲೂ ನಗು ಇತ್ತು.

“ಛಲೋ ಆತು. ಕಬೂಲ್ ಅಂತ ಜೋರಾಗಿ ಅಂದಿ ಹೌದಿಲ್ಲೋ?”

“ಅನ್ಲಿಲ್ಲ.”

“ಮತ್ತ?”

“ಸುಮ್ಮನ ಕುಂತಿದ್ದೆ. ನೀವು ಬರ್ತೀರಿ ಅಂತ.”

ನಗು ಅವರ ಮುಖದಿಂದ ತಡವಾಗಿ ಇಳಿಯಿತು. “ಸುಮ್ಮನ ಕುಂತ್ರ ಹೆಂಗ ಆತು ಬೇಟಾ?” ಎಂದರು.

ಅವಳು ಬಾಯಿ ತೆರೆದಳು. ಫುಪ್ಪಿ ಎರಡು ಖರ್ಜೂರ ತಂದು ಆ ಬಾಯಿಗಿಟ್ಟಳು. “ಸಾಕು, ತಿನ್ನು. ಇವತ್ತಿಂದ ನಮ್ಮ ಮನಿ ಹುಡುಗಿ ನೀ.” ಸುತ್ತಲಿನವರು ಮತ್ತೆ ಮುಬಾರಕ್ ಎಂದರು.

ಸಾಹೇಬರು ಕೊಟ್ಟ ಅರ್ಧ ತಾಸಿನಲ್ಲಿ ಇನ್ನೂ ಆರು ನಿಮಿಷ ಉಳಿದಿತ್ತು. ಅಬ್ಬಾ ಎದ್ದುಹೋಗಲಿಲ್ಲ. ಮಗಳು ಖರ್ಜೂರ ಅಗಿಯುವುದನ್ನು ನೋಡುತ್ತ ಕೂತರು.